ಕಾನೂನು ಶಾಲೆಯ ಪ್ರವೇಶ ಪರೀಕ್ಷೆಯೂ ಗುಲಗಂಜಿಯ ತೂಕವೂ

ಕಾವೇರಿ ಕಪಿಲೆಗಳು ಕೂಡುವ ತಿರುಮಕೂಡಲು ನರಸೀಪುರಕ್ಕೆ ಹೋಗಿಬಂದ ವಾಚಕರಿಗೆ ಗುಂಜಾ ನರಸಿಂಹಸ್ವಾಮಿಯ ವಿಚಾರವು ತಿಳಿದೇ ಇರುವುದು. ಆ ಮೂರ್ತಿಯ ಕೈಯಲ್ಲಿ ಗುಲಗಂಜಿಯೊಂದು ಉಂಟೆಂದೂ, ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚಿನದೆಂದೂ ಹಿರಿಯರು ಹೇಳುತ್ತ ಬಂದಿರುವರು. ಗುಲಗಂಜಿಯೆಂದರೆ ಹಿಂದೆ ಅಕ್ಕಸಾಲಿಗನು ಚಿನ್ನವನ್ನು ತೂಗಲು ಇಟ್ಟುಕೊಳ್ಳುತ್ತಿದ್ದ ಕೆಂಪು ಕಾಳು. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತಿರುವಾಗ ಒಂದು ಕಾಳು ಬಿದ್ದರೂ ಸಾಕು, ಒಂದು ಕಡೆ ವಾಲುವುದು. ಈ ಕಾಲದಲ್ಲಿ ನಮ್ಮ ಮಕ್ಕಳು ಎದುರಿಸಬೇಕಾದ ಪ್ರವೇಶ ಪರೀಕ್ಷೆಗಳನ್ನು ನೋಡಿದಾಗಲೆಲ್ಲ ನಮಗೆ ಈ ಮಾತು ನೆನಪಿಗೆ ಬರುವುದುಂಟು. ಅಲ್ಲಿ ಕಾಲು ಅಂಕವೂ ತೂಕಕ್ಕೆ ಬರುವುದು.

ಈಚೆಗೆ ನಮಗೆ ಪರಿಚಿತರಾದ ಗೃಹಸ್ಥರೊಬ್ಬರು ಅಚ್ಚಿನ ಕಾಗದವೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದರು. ಅವರು ನರಸೀಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬತ್ತ, ಕಬ್ಬು ಬೆಳೆದು ಜೀವಿಸುವವರು. ಅವರ ಮಗಳು ಊರಿನ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಒಳ್ಳೆಯ ಅಂಕ ಪಡೆದು, ನಂಜನಗೂಡಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮೊದಲನೆಯ ವರ್ಷದ ಪಿ.ಯು.ಸಿ. ಪರೀಕ್ಷೆಯನ್ನು ಮುಗಿಸಿದ್ದಳು.

“ಸ್ವಾಮಿ, ಹುಡುಗಿ ವಕೀಲಳಾಗಬೇಕೆಂದು ಹಟ ಹಿಡಿದಿದ್ದಾಳೆ. ನಮ್ಮ ದಾಯಾದಿ ವ್ಯಾಜ್ಯದ ಕಾಗದಗಳನ್ನು ಚಿಕ್ಕಂದಿನಿಂದ ನೋಡಿ ನೋಡಿ ಹುಟ್ಟಿದ ಹಟ ಅದು. ಬೆಂಗಳೂರಿನ ದೊಡ್ಡ ಶಾಲೆಗೆ ಇವರು ಸೀಟು ಕೊಡಿಸುತ್ತಾರಂತೆ. ಇವಳ ತಾಯಿಯ ಎರಡೆಳೆ ಸರವನ್ನು ಬ್ಯಾಂಕಿನಲ್ಲಿಟ್ಟರೆ ಇವರು ಕೇಳುವ ಹಣ ಹೊಂದುತ್ತದೆ. ಇಡಲೋ ಬೇಡವೋ, ನೀವು ಹೇಳಬೇಕು” ಎಂದರು.

ಆ ಕಾಗದವು ತರಪೇತಿ ಸಂಸ್ಥೆಯೊಂದರದು. ಅದರಲ್ಲಿ ನಗುಮುಖದ ಚಿತ್ರಗಳು ಬಹಳವಿದ್ದವು. ಪರೀಕ್ಷೆಯೆಂದರೇನು, ಅದರಲ್ಲಿ ಏನನ್ನು ಕೇಳುವರು ಎಂಬ ಮಾತು ಒಂದೂ ಇರಲಿಲ್ಲ. ಆದ್ದರಿಂದ ಸರವನ್ನು ಇಡುವ ವಿಚಾರವನ್ನು ಹತ್ತು ದಿನ ತಡೆದು, ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯುವುದು ಲೇಸೆಂದು ನಾವು ಹೇಳಿದೆವು. ಇಂತಹ ಕಾಗದಗಳು ಈಗ ಅನೇಕ ಮನೆಗಳಿಗೆ ಬರುತ್ತಿರುವುದರಿಂದ, ಅವರಿಗೆ ಹೇಳಿದುದನ್ನೂ ಅವರ ಮಗಳಿಂದ ನಾವೇ ಕಲಿತುದನ್ನೂ ವಾಚಕರ ಮುಂದಿಡುವೆವು.

ಕಾನೂನು ಕಲಿಯಬೇಕಾದರೆ ನಮ್ಮ ಹಿಂದಿನವರು ಬಹು ದೂರ ಹೋಗಬೇಕಾಗಿದ್ದಿತು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರೂ ಕೆಂಗಲ್ ಹನುಮಂತಯ್ಯನವರೂ ಕಾನೂನು ಓದಿದುದು ಪುಣೆಯಲ್ಲಿ. ಬೆಂಗಳೂರಿನಲ್ಲಿ ಸರ್ಕಾರೀ ಕಾನೂನು ಕಾಲೇಜು ಆರಂಭವಾದುದು 1948ರಲ್ಲಿ. ಅನಂತರ ಕರ್ನಾಟಕದ ವಿಧಾನಮಂಡಲವು 1986ರಲ್ಲಿ ಮಾಡಿದ ಕಾಯಿದೆಯಿಂದ ನ್ಯಾಷನಲ್ ಲಾ ಸ್ಕೂಲ್ ಎಂಬ ವಿದ್ಯಾಸಂಸ್ಥೆಯು ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದರ ಮೊದಲನೆಯ ನಿರ್ದೇಶಕರು ಎನ್. ಆರ್. ಮಾಧವ ಮೆನನ್ ಅವರು. 1988ರಲ್ಲಿ ಅಲ್ಲಿ ಪಾಠಗಳು ಮೊದಲಾದವು. ಪಿ.ಯು.ಸಿ. ಮುಗಿಸಿದವರು ಐದು ವರ್ಷ ಓದಿ ಸಾಮಾನ್ಯ ಪದವಿಯನ್ನೂ ಕಾನೂನು ಪದವಿಯನ್ನೂ ಒಟ್ಟಿಗೆ ಪಡೆಯುವ ಈ ಕ್ರಮವನ್ನು ನೋಡಿ ಇತರ ರಾಜ್ಯಗಳಲ್ಲಿಯೂ ಇಂತಹ ವಿದ್ಯಾಲಯಗಳು ಹುಟ್ಟಿದವು. ಮೊದಮೊದಲು ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆಯಿದ್ದಿತು. 2008ರಿಂದ ಅವುಗಳಲ್ಲಿ ಹಲವಕ್ಕೆ ಒಂದೇ ಪರೀಕ್ಷೆಯು ಏರ್ಪಟ್ಟಿತು. ಇದೇ ಕಾಮನ್ ಲಾ ಅಡ್ಮಿಷನ್ ಟೆಸ್ಟ್. ಜನರು ಸಂಕ್ಷೇಪವಾಗಿ ಕ್ಲ್ಯಾಟ್ ಎನ್ನುವರು. 2017ರಲ್ಲಿ ಈ ವಿದ್ಯಾಲಯಗಳು ಕೂಡಿ ಒಂದು ಒಕ್ಕೂಟವನ್ನು ಮಾಡಿಕೊಂಡಿರುವುವು. ಪರೀಕ್ಷೆಯನ್ನು ನಡೆಸುವುದು ಆ ಒಕ್ಕೂಟವೇ. ದೆಹಲಿಯ ರಾಷ್ಟ್ರೀಯ ಕಾನೂನು ವಿದ್ಯಾಲಯವು ಮಾತ್ರ ತನ್ನದೇ ಬೇರೆ ಪರೀಕ್ಷೆಯನ್ನು ಇಟ್ಟುಕೊಂಡಿರುವುದು.

ಪರೀಕ್ಷೆಯ ಕಾಲ ಎರಡು ಗಂಟೆ. 2023ರ ಡಿಸೆಂಬರಿನಿಂದ ಪ್ರಶ್ನೆಗಳು 120. ಒಂದೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟಿರುವರು; ಸರಿಯಾದುದಕ್ಕೆ ನೇರವಾಗಿ ಕಾಗದದ ಮೇಲೆ ವೃತ್ತವನ್ನು ಶಾಯಿಯಿಂದ ತುಂಬಬೇಕು. ಸರಿಯುತ್ತರಕ್ಕೆ ಒಂದು ಅಂಕ ಬರುವುದು. ತಪ್ಪಾದರೆ ಕಾಲು ಅಂಕ ಕಳೆಯುವುದು. ಬಿಟ್ಟ ಪ್ರಶ್ನೆಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಇಂಗ್ಲಿಷ್ ಭಾಷೆಯ ಪ್ರಶ್ನೆಗಳು 22ರಿಂದ 26, ಪ್ರಚಲಿತ ವಿದ್ಯಮಾನ ಮತ್ತು ಸಾಮಾನ್ಯಜ್ಞಾನ 28ರಿಂದ 32, ಕಾನೂನಿನ ತರ್ಕ 28ರಿಂದ 32, ಸಾಮಾನ್ಯ ತರ್ಕ 22ರಿಂದ 26, ಗಣಿತ 10ರಿಂದ 14. ಹೀಗೆ ಐದು ಭಾಗಗಳುಂಟು. ಪಿ.ಯು.ಸಿ.ಯಲ್ಲಿ ಶೇಕಡ 45, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಶೇಕಡ 40 ಅಂಕಗಳಿರಬೇಕು. ಎರಡನೆಯ ವರ್ಷದಲ್ಲಿ ಓದುತ್ತಿರುವವರೂ ಕುಳಿತುಕೊಳ್ಳಬಹುದು, ವಯಸ್ಸಿನ ಮೇಲ್ಮಿತಿಯಿಲ್ಲ.

ಪರೀಕ್ಷೆಯಲ್ಲಿ ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡಿಸಿ ಕೇಳುವರೆಂದು ಅನೇಕ ತಂದೆತಾಯಿಗಳು ಭಾವಿಸಿರುವರು. ಇದು ತಪ್ಪು. 2020ರಿಂದೀಚೆಗೆ ಪರೀಕ್ಷೆಯ ಎಲ್ಲ ಭಾಗಗಳೂ ಓದಿಗೆ ಕಟ್ಟುಬಿದ್ದಿರುವುವು. ಸುಮಾರು 450 ಪದಗಳವರೆಗಿನ ಗದ್ಯಭಾಗವೊಂದನ್ನು ಕೊಟ್ಟು, ಅದರ ಕೆಳಗೆ ಕೆಲವು ಪ್ರಶ್ನೆಗಳನ್ನು ಕೇಳುವರು. ಗಣಿತವು ಕೂಡ ಒಂದು ವಿವರಣೆಯನ್ನೋ ಕೋಷ್ಟಕವನ್ನೋ ಆಧರಿಸಿ ಬರುವುದು. ಹೀಗಿರುವುದರಿಂದ ಇದು ಮೂಲತಃ ಓದುವ ಶಕ್ತಿಯ ಪರೀಕ್ಷೆ. ಓದುವ ಶಕ್ತಿಯನ್ನು ಬೆಳೆಸುವ ಮುಖ್ಯ ಸ್ಥಳ ಮನೆ ಎಂಬುದೇ ಈ ಲೇಖನದ ತಾತ್ಪರ್ಯ.

ಇದನ್ನು ಲೆಕ್ಕದಿಂದಲೇ ತೋರಿಸಬಹುದು. ಇಂತಹ ಗದ್ಯಭಾಗಗಳು ಇಪ್ಪತ್ತು ಬಂದುವೆಂದು ಇಟ್ಟುಕೊಂಡರೆ ಓದಬೇಕಾದ ಪದಗಳು ಸುಮಾರು ಒಂಬತ್ತು ಸಾವಿರ. ನಿಮಿಷಕ್ಕೆ ನೂರು ಪದ ಓದುವ ಹುಡುಗನಿಗೆ ಓದುವುದಕ್ಕೇ 90 ನಿಮಿಷ ಹಿಡಿಯುವುದು. ಪ್ರಶ್ನೆಗಳನ್ನು ಆಲೋಚಿಸಲು ಉಳಿಯುವುದು ಅರ್ಧ ಗಂಟೆ ಮಾತ್ರ. ಇನ್ನೂರು ಪದ ಓದುವವನಿಗೆ 45 ನಿಮಿಷ ಸಾಕು; ಉಳಿಯುವುದು 75 ನಿಮಿಷ. ಇಬ್ಬರ ಬುದ್ಧಿಯೂ ಸಮಾನವಾಗಿದ್ದರೂ ಒಬ್ಬನು ಎರಡರಷ್ಟಕ್ಕೂ ಹೆಚ್ಚು ಕಾಲವನ್ನು ಪಡೆದು ಕುಳಿತಂತಾಯಿತು. ಪರೀಕ್ಷೆಯು ನಡೆಯುವುದು ಇಂಗ್ಲಿಷಿನಲ್ಲಿ. ದೇಶಭಾಷೆಗಳಲ್ಲಿಯೂ ಅದನ್ನು ನಡೆಸಬೇಕೆಂಬ ಪ್ರಾರ್ಥನೆಯು 2023ರಲ್ಲಿ ದೆಹಲಿಯ ಹೈಕೋರ್ಟಿನ ಮುಂದೆ ಬಂದಿದ್ದಿತು. ಆ ಪ್ರಾರ್ಥನೆಯು ನ್ಯಾಯವಾದುದೆಂದೇ ನಾವು ಎಣಿಸುವೆವು. ಆದರೆ ಈ ವರ್ಷ ಕುಳಿತುಕೊಳ್ಳುವ ಮಕ್ಕಳು ಇರುವ ಪರೀಕ್ಷೆಗೇ ಸಿದ್ಧರಾಗಬೇಕಷ್ಟೆ.

ಆ ಹುಡುಗಿಗೆ ನಾವು ಹೇಳಿದ ಮೊದಲನೆಯ ಮಾತು, ಅಳತೆ ಮಾಡಿಕೊಳ್ಳಬೇಕೆಂಬುದು. ಹಿಂದಿನ ವರ್ಷಗಳ ಪ್ರಶ್ನಪತ್ರಿಕೆಗಳು ಒಕ್ಕೂಟದ ಜಾಲತಾಣದಲ್ಲಿ ದೊರೆಯುವುವು. ಸೋದರಮಾವನು ನಂಜನಗೂಡಿನ ಅಂಗಡಿಯೊಂದರಲ್ಲಿ ಅದನ್ನು ಮುದ್ರಿಸಿ ತಂದುಕೊಟ್ಟನು. ಒಂದು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ನಿಜವಾದ ಪರೀಕ್ಷೆಯು ನಡೆಯುವ ಹೊತ್ತಿಗೇ, ಅವಳು ನಡುಮನೆಯಲ್ಲಿ ಗಡಿಯಾರವನ್ನು ಮುಂದಿಟ್ಟುಕೊಂಡು ಕುಳಿತಳು. ಎಂಬತ್ತನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಐದೇ ನಿಮಿಷ ಉಳಿದಿದ್ದಿತು. ಮಿಕ್ಕ ನಲವತ್ತನ್ನು ಓದದೆಯೇ ತುಂಬಿಬಿಟ್ಟಳು. ಸರಿಯಾದವು 46, ತಪ್ಪಾದವು 74. ತಪ್ಪಿಗೆ ಹದಿನೆಂಟೂವರೆ ಅಂಕ ಕಳೆದು ಉಳಿದುದು ಇಪ್ಪತ್ತೇಳೂವರೆ. ಹತ್ತನೆಯ ತರಗತಿಯಲ್ಲಿ ನೂರಕ್ಕೆ ತೊಂಬತ್ತರ ಮೇಲೆ ಪಡೆದಿದ್ದ ಹುಡುಗಿ ಅಂದು ರಾತ್ರಿ ಊಟ ಮಾಡಲಿಲ್ಲವೆಂದು ತಿಳಿಯಿತು. “ಸಾಕು ಬಾರವ್ವ, ಟೀಚರ್ ಕೆಲಸಕ್ಕೆ ಓದಿದರಾಯಿತು” ಎಂದು ತಾಯಿ ಊರಿನಿಂದ ಫೋನು ಮಾಡಿದಳಂತೆ.

ಇಲ್ಲಿಯೇ ಬಹು ಮನೆಗಳಲ್ಲಿ ಪ್ರಯತ್ನವು ನಿಂತುಹೋಗುವುದು. ಆದರೆ ಮೊದಲನೆಯ ಅಳತೆಯು ತೀರ್ಪಲ್ಲ. ವೈದ್ಯನು ಜ್ವರವನ್ನು ಅಳೆದು ನೋಡುವುದು ಔಷಧವನ್ನು ಗೊತ್ತುಮಾಡಲು; ರೋಗಿಯನ್ನು ಗದರಿಸಲು ಅಲ್ಲವಷ್ಟೆ! ನಾವು ಆ ಹುಡುಗಿಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ಕೊಂಡುಕೊಡುವಂತೆ ಹೇಳಿದೆವು. ಹಾಲಿನ ಲೆಕ್ಕವನ್ನು ಬರೆಯುವಂತೆ ಅದರಲ್ಲಿ ತಪ್ಪುಗಳ ಲೆಕ್ಕವನ್ನು ಬರೆಯಬೇಕು. ಮನೆ ನಾಲ್ಕು: ಓದಿದುದು ಅರ್ಥವಾಗದೆ ತಪ್ಪಿದುದು; ಅರ್ಥವಾಗಿಯೂ ಅವಸರದಿಂದ ತಪ್ಪಿದುದು; ವಿಷಯವೇ ಗೊತ್ತಿಲ್ಲದೆ ತಪ್ಪಿದುದು; ಕಾಲ ಸಾಲದೆ ತಪ್ಪಿದುದು. ಎಪ್ಪತ್ತನಾಲ್ಕು ತಪ್ಪುಗಳನ್ನೂ ಎರಡು ಸಂಜೆ ಕುಳಿತು ಹಂಚಿದ ಮೇಲೆ ಕಂಡುದೇನೆಂದರೆ, ವಿಷಯವೇ ಗೊತ್ತಿಲ್ಲದ್ದು ಹದಿನೈದನ್ನೂ ಮೀರಲಿಲ್ಲ. ಮಿಕ್ಕವೆಲ್ಲ ಓದಿಗೂ ಕಾಲಕ್ಕೂ ಸೇರಿದವು. ಹಣ ಕೊಟ್ಟು ಕೊಳ್ಳಬೇಕಾದ ಜ್ಞಾನವು ಅಷ್ಟಾಗಿ ಇಲ್ಲವೆಂಬುದು ಅವಳ ತಂದೆಗೆ ಅಂದೇ ತಿಳಿಯಿತು. ಸರವು ಪೆಟ್ಟಿಗೆಯಲ್ಲಿಯೇ ಉಳಿಯಿತು.

ಎರಡನೆಯದು ನಿತ್ಯದ ಓದು. ಕನ್ನಡದಲ್ಲಿ ಓದಿ ಬಂದ ಮಕ್ಕಳು ಇಂಗ್ಲಿಷ್ ಪತ್ರಿಕೆಯನ್ನು ತೆರೆದೊಡನೆ ಎದೆಗುಂದುವರು; ಪದವೂ ಹೊಸದು, ವಿಷಯವೂ ಹೊಸದು. ಎರಡು ಹೊಸತುಗಳನ್ನು ಒಟ್ಟಿಗೆ ಎತ್ತುವುದು ಕಷ್ಟ. ಮೊದಲು ಸುದ್ದಿಯನ್ನು ಕನ್ನಡ ಪತ್ರಿಕೆಯಲ್ಲಿ ಚೆನ್ನಾಗಿ ಓದಿ, ಅದೇ ಸುದ್ದಿಯನ್ನು ಅನಂತರ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದರೆ ಭಾರವು ಅರ್ಧಕ್ಕಿಳಿಯುವುದು. ಕಾವೇರಿ ನೀರಿನ ವಿವಾದ, ಸುಪ್ರೀಂ ಕೋರ್ಟಿನ ತೀರ್ಪು, ಆಯವ್ಯಯದ ಮಂಡನೆ ಇವುಗಳ ತಿರುಳು ತಾಯಿನುಡಿಯಲ್ಲಿ ಮನಸ್ಸಿಗೆ ಹತ್ತಿದ ಮೇಲೆ ಇಂಗ್ಲಿಷ್ ಪದಗಳು ಸಂದರ್ಭದಿಂದಲೇ ಅರ್ಥ ಕೊಡತೊಡಗುವುವು. ಕನ್ನಡದ ಓದು ಇಂಗ್ಲಿಷಿಗೆ ಅಡ್ಡಿಯೆಂದು ಹೇಳುವವರು ಇದನ್ನು ಪರೀಕ್ಷಿಸಿ ನೋಡಲಿ. ದಿನಕ್ಕೆ ಐದು ಹೊಸ ಪದಗಳನ್ನು, ಅವು ಬಂದ ವಾಕ್ಯದೊಡನೆಯೇ, ಬರೆದುಕೊಂಡರೆ ಸಾಕು. ನಿಘಂಟನ್ನು ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಎರಡು ಪತ್ರಿಕೆಗಳನ್ನು ಕೊಳ್ಳಲಾರದವರಿಗೆ ಊರಿನ ಸಾರ್ವಜನಿಕ ಗ್ರಂಥಾಲಯವುಂಟು. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿರುವುವು. ಇದೇ ಓದಿನಿಂದ ಪ್ರಚಲಿತ ವಿದ್ಯಮಾನದ ಭಾಗಕ್ಕೂ ಸಿದ್ಧತೆಯಾಗುವುದು. ಒಂದು ಸುದ್ದಿಯನ್ನು ಓದಿದಾಗ ಅದು ಏಕೆ ಹುಟ್ಟಿತು, ಹಿಂದೆ ಏನಾಗಿದ್ದಿತು, ಯಾವ ಕಾಯಿದೆಗೆ ಸೇರಿದುದು ಎಂದು ಎರಡೆರಡು ಸಾಲು ಬರೆದಿಡುವುದು ಅಭ್ಯಾಸವಾಗಬೇಕು.

ಮೂರನೆಯದು ಕಾನೂನಿನ ತರ್ಕ. ಇದರ ಗುಟ್ಟನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಗದ್ಯಭಾಗವು ಹೀಗೆ ಹೇಳುವುದೆಂದು ಭಾವಿಸೋಣ: ‘ಒಡೆಯನ ಅನುಮತಿಯಿಲ್ಲದೆ ಪರರ ಜಮೀನನ್ನು ಹೊಕ್ಕವನು ಅತಿಕ್ರಮಣದ ಹೊಣೆಗಾರನು, ಆದರೆ ಪ್ರಾಣಾಪಾಯದಿಂದ ತಪ್ಪಿಸಿಕೊಳ್ಳಲು ಹೊಕ್ಕವನಿಗೆ, ಅಪಾಯವು ಇರುವವರೆಗೆ, ಆ ಹೊಣೆಯಿಲ್ಲ.’ ಪ್ರಶ್ನೆಯು ಹೀಗಿರಬಹುದು: ಕಪಿಲೆಯಲ್ಲಿ ಪ್ರವಾಹ ಬಂದು ಒಬ್ಬನು ನಂಜನಗೂಡಿನ ಬಳಿ ಎತ್ತರದಲ್ಲಿದ್ದ ಬಾಳೆಯ ತೋಟವನ್ನು ಹೊಕ್ಕನು. ಮಾರನೆಯ ಬೆಳಗ್ಗೆ ನೀರು ಇಳಿದು ದಾರಿ ತೆರೆಯಿತು. ಆದರೂ ಅವನು ಅಲ್ಲಿಯೇ ಎರಡು ದಿನ ನಿಂತನು. ಅವನು ಹೊಣೆಗಾರನೇ? ಮೊದಲನೆಯ ರಾತ್ರಿಗೆ ಅಲ್ಲ, ಅನಂತರದ ದಿನಗಳಿಗೆ ಹೌದು ಎಂಬುದು ಉತ್ತರ. ಪಾಪ, ಮನೆ ಕಳೆದುಕೊಂಡವನು ಎಂದು ಮರುಗಿ ‘ಅಲ್ಲ’ ಎಂದರೂ ತಪ್ಪು. ಪರರ ತೋಟವನ್ನು ಹೊಕ್ಕುದೇ ತಪ್ಪೆಂದು ಸಿಟ್ಟಿನಿಂದ ಎಲ್ಲಕ್ಕೂ ‘ಹೌದು’ ಎಂದರೂ ತಪ್ಪು. ಕೊಟ್ಟ ನಿಯಮ, ಕೊಟ್ಟ ಸಂಗತಿ, ಇವೆರಡರ ಹೊರಗೆ ಒಂದು ಹೆಜ್ಜೆಯನ್ನೂ ಇಡಬಾರದು. ‘ಆದರೆ’, ‘ಹೊರತು’, ‘ಇರುವವರೆಗೆ’ ಎಂಬ ಚಿಕ್ಕ ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸವು ಇಲ್ಲಿ ಬಹಳ ಅಂಕಗಳನ್ನು ಉಳಿಸುವುದು. ನಮ್ಮ ಹುಡುಗಿಯು ಮನೆಯಲ್ಲಿ ಕೇಳಿದ್ದ ವ್ಯಾಜ್ಯದ ಮಾತುಗಳನ್ನೆಲ್ಲ ಉತ್ತರಕ್ಕೆ ಸೇರಿಸಿ ಮೊದಮೊದಲು ತಪ್ಪುತ್ತಿದ್ದಳು. ಈ ಸಂಯಮವನ್ನು ಕಲಿತ ಮೇಲೆ ಇದೇ ಅವಳ ಬಲವಾದ ಭಾಗವಾಯಿತು.

ಸಾಮಾನ್ಯ ತರ್ಕದಲ್ಲಿ ಲೇಖಕನ ನಿರ್ಣಯ ಯಾವುದು, ಅದಕ್ಕೆ ಅವನು ಕೊಡುವ ಕಾರಣ ಯಾವುದು, ಹೇಳದೆಯೇ ಒಪ್ಪಿಕೊಂಡಿರುವ ಮಾತು ಯಾವುದು ಎಂದು ಬಿಡಿಸುವುದೇ ಮುಖ್ಯ. ಪತ್ರಿಕೆಯ ಸಂಪಾದಕೀಯವನ್ನು ಓದಿದ ಮೇಲೆ ಈ ಮೂರನ್ನು ಮೂರು ವಾಕ್ಯಗಳಲ್ಲಿ ಮನೆಯವರಿಗೆ ಹೇಳುವುದು ಒಳ್ಳೆಯ ಸಾಧನೆ. ಗಣಿತವು ಹತ್ತನೆಯ ತರಗತಿಯ ಮಟ್ಟದ್ದು: ಶೇಕಡ, ಪ್ರಮಾಣ, ಸರಾಸರಿ, ಕೋಷ್ಟಕವನ್ನು ಓದುವುದು. ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಟ್ಟ ಮಕ್ಕಳು ಇದಕ್ಕೆ ಹೆದರಿ ಹತ್ತು ಹನ್ನೆರಡು ಅಂಕಗಳನ್ನು ಪೂರ್ತಿ ಬಿಟ್ಟುಕೊಡುವುದುಂಟು. ಮನೆಯ ಖರ್ಚಿನ ಲೆಕ್ಕವನ್ನೂ ಎಕರೆಗೆ ಬಂದ ಬತ್ತದ ಮೂಟೆಗಳ ಲೆಕ್ಕವನ್ನೂ ಅವರಿಂದಲೇ ಬರೆಯಿಸಿದರೆ ಹೆದರಿಕೆಯು ತಾನಾಗಿ ಹೋಗುವುದು.

ಇನ್ನು ಗುಲಗಂಜಿಯ ವಿಚಾರ. ತಪ್ಪಿಗೆ ಕಾಲು ಅಂಕ ಹೋಗುವುದೆಂದು ಕೆಲವರು ಅತಿಯಾಗಿ ಹೆದರಿ ಬಹಳ ಪ್ರಶ್ನೆಗಳನ್ನು ಬಿಡುವರು. ಕೆಲವರು ಎಲ್ಲವನ್ನೂ ತುಂಬಿಬಿಡುವರು. ಲೆಕ್ಕ ಹಾಕಿ ನೋಡೋಣ. ಏನೂ ತಿಳಿಯದೆ ನಾಲ್ಕು ಪ್ರಶ್ನೆಗಳಿಗೆ ಗುರುತು ಹಾಕಿದರೆ ಸರಾಸರಿಯಲ್ಲಿ ಒಂದು ಸರಿಯಾದೀತು, ಮೂರು ತಪ್ಪಾದೀತು. ಒಂದರಲ್ಲಿ ಮುಕ್ಕಾಲು ಕಳೆದು ಉಳಿಯುವುದು ಕಾಲು. ನಾಲ್ಕು ಪ್ರಶ್ನೆಗೆ ಕಾಲು ಅಂಕವೆಂದರೆ ಸರಾಸರಿಯಲ್ಲಿ ಬಹು ಅಲ್ಪವಾದ ಲಾಭ. ಅದೃಷ್ಟವು ಕೈಕೊಟ್ಟರೆ ನಷ್ಟವೇ. ಆದರೆ ನಾಲ್ಕು ಉತ್ತರಗಳಲ್ಲಿ ಎರಡು ಖಂಡಿತ ತಪ್ಪೆಂದು ಓದಿನಿಂದ ತಿಳಿದರೆ, ಉಳಿದೆರಡರಲ್ಲಿ ಒಂದನ್ನು ಆರಿಸುವುದರಿಂದ ಎರಡು ಪ್ರಶ್ನೆಗೆ ಸರಾಸರಿ ಮುಕ್ಕಾಲು ಅಂಕ ಬರುವುದು. ಆದ್ದರಿಂದ ಎರಡು ಉತ್ತರಗಳನ್ನು ತಳ್ಳಿಹಾಕಬಲ್ಲ ಕಡೆ ಗುರುತು ಹಾಕಬೇಕು. ಒಂದನ್ನೂ ತಳ್ಳಲಾರದ ಕಡೆ ಕಾಲವನ್ನು ಕಳೆಯದೆ ಮುಂದಕ್ಕೆ ಹೋಗಬೇಕು. ಒಂದೆರಡು ಪ್ರಶ್ನೆಗಳ ಬೆಲೆ ಎಷ್ಟೆಂಬುದಕ್ಕೆ ನಿದರ್ಶನವೂ ಉಂಟು. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಕೆಲವು ಉತ್ತರಗಳು ಸರಿಯೋ ತಪ್ಪೋ ಎಂಬ ವಿವಾದವು ದೆಹಲಿಯ ಹೈಕೋರ್ಟಿನಲ್ಲಿ ನಡೆದು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಪೂರ್ಣ ಪರೀಕ್ಷೆಗಳನ್ನು ದಿನವೂ ಬರೆಯುವುದು ಸಲ್ಲದು. ಮೊದಮೊದಲು ಹದಿನೈದು ದಿನಕ್ಕೊಂದು, ಕೊನೆಯ ಎರಡು ತಿಂಗಳಲ್ಲಿ ವಾರಕ್ಕೊಂದು ಸಾಕು. ಬರೆಯಲು ಎರಡು ಗಂಟೆ ಹಿಡಿದರೆ ತಪ್ಪುಗಳನ್ನು ಲೆಕ್ಕದ ಪುಸ್ತಕಕ್ಕೆ ಏರಿಸಲು ನಾಲ್ಕು ಗಂಟೆಯಾದರೂ ಹಿಡಿಯಬೇಕು. ಬರೆದು ನೋಡದೆ ಬಿಟ್ಟ ಪರೀಕ್ಷೆಯು ತೂಗಿ ಎಣಿಸದೆ ಮಾರಿದ ಬೆಳೆಯಂತೆ. ಜುಲೈ ತಿಂಗಳಲ್ಲಿ ನಮ್ಮ ಹುಡುಗಿಯು 88 ಪ್ರಶ್ನೆಗಳಿಗೆ ಉತ್ತರಿಸಿ 57 ಸರಿ ಮಾಡಿದಳು. 31 ತಪ್ಪಿಗೆ ಏಳೂಮುಕ್ಕಾಲು ಕಳೆದು ನಲವತ್ತೊಂಬತ್ತೂಕಾಲು. ನವೆಂಬರಿನಲ್ಲಿ 104ಕ್ಕೆ ಉತ್ತರಿಸಿ 79 ಸರಿ. ಕಳೆದುದು ಆರೂಕಾಲು, ಉಳಿದುದು ಎಪ್ಪತ್ತೆರಡೂಮುಕ್ಕಾಲು. ಏರಿಕೆಯು ಒಂದೇ ಸಮನಾಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಎರಡು ಬಾರಿ ಅಂಕಗಳು ಇಳಿದುದೂ ಉಂಟು.

ಮನೆಯವರು ಮಾಡಬೇಕಾದುದೂ ಉಂಟು. ಪರೀಕ್ಷೆಯು ಈಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲಿ ನಡೆಯುತ್ತಿರುವುದರಿಂದ, ಪಿ.ಯು.ಸಿ. ವಾರ್ಷಿಕ ಪರೀಕ್ಷೆಗೆ ಮುಂಚೆಯೇ ಈ ಭಾರವು ಬೀಳುವುದು. ದಿನಕ್ಕೆ ಎರಡು ಗಂಟೆಯ ನಿಶ್ಶಬ್ದವನ್ನು ಮನೆಯು ಕೊಡಬೇಕು. ಗಂಡುಮಗನು ಓದಲು ಕುಳಿತರೆ ದೂರದರ್ಶನವನ್ನು ನಿಲ್ಲಿಸುವ ಮನೆಯವರೇ, ಹೆಣ್ಣುಮಗಳು ಕುಳಿತಾಗ ಮುಸುರೆಗೆ ಕರೆಯುವುದನ್ನು ನಾವು ಕಂಡಿದ್ದೇವೆ. ನಂಜನಗೂಡಿನ ಆ ಮನೆಯಲ್ಲಿ ಅತ್ತೆಯು ಸಂಜೆಯ ಅಡಿಗೆಯ ಕೆಲಸದಿಂದ ಹುಡುಗಿಯನ್ನು ಬಿಡಿಸಿದಳು. ಪ್ರತಿಯಾಗಿ ಹುಡುಗಿಯು ರಾತ್ರಿ ಊಟದ ಹೊತ್ತಿಗೆ ಅಂದಿನ ಸುದ್ದಿಯೊಂದನ್ನು ಎಲ್ಲರಿಗೂ ವಿವರಿಸಬೇಕೆಂಬ ಕರಾರಾಯಿತು. ಕಾರ್ಖಾನೆಯ ಕೆಲಸ ಮುಗಿಸಿ ಬಂದ ಮಾವನು ಅಡ್ಡಪ್ರಶ್ನೆ ಹಾಕುವನು, ಅವಳು ಉತ್ತರಿಸುವಳು. ಯಾವ ತರಪೇತಿಯ ಪಾಠವೂ ಇದಕ್ಕಿಂತ ಹೆಚ್ಚು ಉಪಕಾರ ಮಾಡಲಾರದೆಂದು ನಮಗೆ ತೋರುವುದು.

ತರಪೇತಿಯೇ ಬೇಡವೆಂದು ನಾವು ಹೇಳುವುದಿಲ್ಲ. ಅನುಕೂಲವಿದ್ದು, ಕಲಿಸುವವರು ಯೋಗ್ಯರೆಂದು ವಿಚಾರಿಸಿ ತಿಳಿದಿದ್ದರೆ ಸೇರಿಸಬಹುದು. ಆದರೆ ‘ಸೀಟು ಕೊಡಿಸುವೆವು’ ಎನ್ನುವವರನ್ನು ನಂಬಲಾಗದು. ಸ್ಥಾನವನ್ನು ಕೊಡುವುದು ಅಂಕದ ಶ್ರೇಣಿ ಮಾತ್ರ. ಬಡ ಮನೆಗಳ ಮಕ್ಕಳಿಗೆ ನೆರವಾಗಲೆಂದೇ ಪ್ರೊಫೆಸರ್ ಶಮ್ನಾದ್ ಬಷೀರ್ ಅವರು 2010ರಲ್ಲಿ ಇಡಿಯಾ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬೆಂಗಳೂರಿನ ಲಾ ಸ್ಕೂಲಿನಲ್ಲಿಯೇ ಓದಿದ್ದ ಅವರು 2019ರಲ್ಲಿ ತೀರಿಕೊಂಡರು. ಹಿಂದುಳಿದ ಮನೆಗಳ ಮಕ್ಕಳನ್ನು ಆರಿಸಿ ಈ ಪರೀಕ್ಷೆಗೆ ಸಿದ್ಧಪಡಿಸುವ ಆ ಸಂಸ್ಥೆಯನ್ನು ಅರ್ಹರು ವಿಚಾರಿಸಬಹುದು. ಅರ್ಜಿಯ ಶುಲ್ಕವೂ ಸಣ್ಣದಲ್ಲ: 2025ರ ಡಿಸೆಂಬರಿನ ಪರೀಕ್ಷೆಗೆ ಸಾಮಾನ್ಯರಿಗೆ 4,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗೂ ಬಡತನದ ರೇಖೆಯ ಕೆಳಗಿನವರಿಗೂ 3,500 ರೂಪಾಯಿ ಇದ್ದಿತು. ಅರ್ಜಿಗಳು ಜುಲೈ ಆಗಸ್ಟಿನಲ್ಲಿಯೇ ತೆರೆಯುವುದರಿಂದ, ನಾಡಕಚೇರಿಯಿಂದ ಬರಬೇಕಾದ ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಬೇಸಗೆಯಲ್ಲಿಯೇ ಪಡೆದಿಡುವುದು ವಿವೇಕ. ಬೆಂಗಳೂರಿನ ಲಾ ಸ್ಕೂಲಿನಲ್ಲಿ, ಹತ್ತು ವರ್ಷಕ್ಕೆ ಕಡಮೆಯಿಲ್ಲದೆ ಕರ್ನಾಟಕದ ಶಾಲೆಗಳಲ್ಲಿ ಓದಿದವರಿಗೆ ನೂರಕ್ಕೆ ಇಪ್ಪತ್ತೈದರಷ್ಟು ಸ್ಥಾನಗಳನ್ನು ಮೀಸಲಿಡುವ ಕ್ರಮವು 2021ರಲ್ಲಿ ಬಂದಿರುವುದು. ಹಳ್ಳಿಯ ಶಾಲೆಯಲ್ಲಿ ಓದಿದುದು ಇಲ್ಲಿ ಕುಂದಲ್ಲ, ಹಕ್ಕು. ಅದಕ್ಕೆ ಬೇಕಾದ ವ್ಯಾಸಂಗದ ಪತ್ರಗಳನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ಪಡೆಯತಕ್ಕದ್ದು.

ಇಷ್ಟೆಲ್ಲ ಮಾಡಿದ ಮೇಲೂ ಸ್ಥಾನವು ದೊರೆಯದೆ ಹೋಗಬಹುದೆಂಬುದನ್ನು ಮನೆಯವರು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು. 2025ರ ಡಿಸೆಂಬರಿನ ಪರೀಕ್ಷೆಗೆ ಪದವಿ ತರಗತಿಗಾಗಿಯೇ ಸುಮಾರು 75,000 ಅರ್ಜಿಗಳು ಬಂದಿದ್ದವು. ಒಂದು ಬಾಗಿಲು ತೆರೆಯದಿದ್ದರೆ ಕಾನೂನೇ ಕೈತಪ್ಪಿತೆಂದು ಭಾವಿಸಬಾರದು. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿ.ಯು.ಸಿ. ಅಂಕಗಳ ಮೇಲೆಯೇ ಐದು ವರ್ಷದ ಪದವಿಗೆ ಪ್ರವೇಶ ದೊರೆಯುವುದು. ಮೈಸೂರಿನಲ್ಲಿ ಶಾರದಾವಿಲಾಸ, ವಿದ್ಯಾವರ್ಧಕ ಮೊದಲಾದ ಕಾನೂನು ಕಾಲೇಜುಗಳುಂಟು. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಆಶ್ರಯದಲ್ಲಿ ನಡೆಯುವ ಜೆ.ಎಸ್.ಎಸ್. ಕಾನೂನು ಕಾಲೇಜೂ ಉಂಟು. ಈ ಸೀಮೆಯ ಸಿದ್ದರಾಮನಹುಂಡಿಯಲ್ಲಿ ಹುಟ್ಟಿ, 2013ರಲ್ಲಿಯೂ 2023ರಲ್ಲಿಯೂ ಮುಖ್ಯಮಂತ್ರಿಯ ಸ್ಥಾನಕ್ಕೇರಿದ ಸಿದ್ದರಾಮಯ್ಯನವರು ಕಾನೂನು ಓದಿ ವಕೀಲರಾದುದು ಮೈಸೂರಿನಲ್ಲಿಯೇ.

ನಮ್ಮ ಹುಡುಗಿಯ ವಿಚಾರವೇನಾಯಿತೆಂದು ವಾಚಕರು ಕೇಳುವರು. ಡಿಸೆಂಬರಿನ ನಿಜವಾದ ಪರೀಕ್ಷೆಯಲ್ಲಿ ಮನೆಯಲ್ಲಿ ಬಂದುದಕ್ಕಿಂತ ನಾಲ್ಕೈದು ಅಂಕಗಳು ಕಡಮೆಯೇ ಬಂದವು. ಬೆಂಗಳೂರಿನ ಸ್ಥಾನವು ಸಿಕ್ಕಲಿಲ್ಲ. ಅವಳು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಪಿ.ಯು.ಸಿ. ಪುಸ್ತಕಗಳನ್ನು ತೆರೆದಳು, ಈಗ ಮೈಸೂರಿನ ಕಾಲೇಜೊಂದರಲ್ಲಿ ಕಾನೂನನ್ನೇ ಓದುತ್ತಿರುವಳು. ಈಚೆಗೆ ಅವಳ ತಂದೆಯವರು ಬಂದಾಗ ಹೇಳಿದ ಮಾತಿದು: “ವ್ಯಾಜ್ಯದ ಹಳೆಯ ಕಾಗದಗಳನ್ನೆಲ್ಲ ಮಗಳು ಕೂತು ಓದಿದಳು, ಸ್ವಾಮಿ. ಹದಿನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿದ್ದವು. ಅದರಲ್ಲಿ ಏನು ಬರೆದಿದೆಯೆಂದು ನಮಗೆ ಗೊತ್ತಾದದ್ದು ಈಗಲೇ.”

ಅವಳ ತಾಯಿಯು ಆ ಎರಡೆಳೆ ಸರವನ್ನು ಹಾಕಿಕೊಂಡು ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದಿದ್ದುದನ್ನು ನಾವು ಕಣ್ಣಾರೆ ಕಂಡೆವು. ಪ್ರವೇಶ ಪರೀಕ್ಷೆಯು ಒಂದು ಮಧ್ಯಾಹ್ನಕ್ಕೆ ಮುಗಿದುಹೋಗುವುದು. ಅದಕ್ಕಾಗಿ ಕಲಿತ ಓದು ಮನೆಯಲ್ಲಿಯೇ ನಿಲ್ಲುವುದು. ಈ ಬೇಸಗೆಯ ರಜದಲ್ಲಿ ಯಾವ ಮನೆಯಲ್ಲಿ ಮಗನೋ ಮಗಳೋ ‘ನಾನು ಕಾನೂನು ಓದುವೆನು’ ಎನ್ನುವರೋ, ಆ ಮನೆಯವರು ಒಡವೆಯ ಪೆಟ್ಟಿಗೆಯನ್ನು ತೆರೆಯುವ ಮೊದಲು ಅಂದಿನ ಪತ್ರಿಕೆಯನ್ನು ತೆರೆದು ಮಗುವಿನ ಮುಂದಿಡಲಿ ಎಂಬುದು ನಮ್ಮ ಪ್ರಾರ್ಥನೆ.